ಮರಳಿನಿಂದ ಎಣ್ಣೆ ತೆಗೆದ ಮಳೆಗಾಲ

ಕಳೆದ ವಾರ ಕಾರವಾರದ ಪಕ್ಕದ ಬಿಣಗಾ ದಾಟುವಾಗ ನನ್ನ ಸ್ಕೂಟರ್ ಕೈಕೊಟ್ಟಿತು. ಮಳೆ ಜೋರಾಗಿತ್ತು. ತಳ್ಳಿಕೊಂಡು ಹೋಗಿ ಹೆದ್ದಾರಿ ಬದಿಯ ಗ್ಯಾರೇಜಿನ ತಗಡಿನ ಕೆಳಗೆ ನಿಂತೆ. ಒಳಗೆ ಮೆಕ್ಯಾನಿಕ್ ಒಬ್ಬ ಲಾರಿಯ ಯಾವುದೋ ಭಾಗವನ್ನು ಸಾಬೂನು ಪುಡಿಯ ನೀರಿನಲ್ಲಿ ಮುಳುಗಿಸಿ ತಿಕ್ಕುತ್ತಿದ್ದ. ಕಪ್ಪು ಎಣ್ಣೆ ನೊರೆಯ ಮೇಲೆ ತೇಲಿ ಬಂತು. ಅದರ ಬೆನ್ನಿಗೇ ಆ ವಾಸನೆಯೂ ಬಂತು. ಅರ್ಧ ಎಣ್ಣೆ, ಅರ್ಧ ಸಾಬೂನು, ಮೇಲೊಂದಿಷ್ಟು ಉಪ್ಪುಗಾಳಿ. ಬೇರೆಯವರು ಮೂಗು ಮುಚ್ಚಿಕೊಳ್ಳುವಂಥದ್ದು. ನಾನು ಅದನ್ನು ಎದೆ ತುಂಬ ಎಳೆದುಕೊಂಡು ಒಬ್ಬಳೇ ನಕ್ಕೆ. ಮೆಕ್ಯಾನಿಕ್ ತಲೆಯೆತ್ತಿ ನೋಡಿದ. ಕೆಟ್ಟಿರುವುದು ಸ್ಕೂಟರ್ ಒಂದೇ ಅಲ್ಲ ಎಂದುಕೊಂಡಿರಬೇಕು.

ಆ ಗ್ಯಾರೇಜಿನಿಂದ ಒಂದು ಕೂಗಳತೆ ದೂರದಲ್ಲಿ ಹಿಂದೆ ಐಸ್ ಫ್ಯಾಕ್ಟರಿ ಇತ್ತು. ಅದು ಮುಚ್ಚಿ ಎಷ್ಟೋ ವರ್ಷವಾದ ಮೇಲೆ ಆ ಕಟ್ಟಡದಲ್ಲಿ ನನಗೆ ಮೊದಲ ನೌಕರಿ ಸಿಕ್ಕಿತು. ರಸಾಯನಶಾಸ್ತ್ರದಲ್ಲಿ ಎಮ್ಮೆಸ್ಸಿ ಮುಗಿಸಿ, ಹಾರವಾಡದ ಮನೆಯಲ್ಲಿ ಕೂತು ಆಯಿಯ ಜೊತೆ ಒಣಮೀನು ಆರಿಸುತ್ತಿದ್ದ ಕಾಲ ಅದು. ಆಯಿ ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಮಗಳು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳೆಂದು ಪೇಟೆಗೆಲ್ಲ ಹೇಳಿಕೊಂಡು ಬಂದಳು. ಯಾವ ಲ್ಯಾಬು ಎಂದು ಯಾರೋ ಕೇಳಿದ್ದಕ್ಕೆ 'ರಕ್ತದ್ದೇ ಇರ್ಬೇಕು' ಎಂದಿದ್ದಳಂತೆ. ಹಾಗಾಗಿ ಮೊದಲ ವಾರ ಇಬ್ಬರು ಮುದುಕರು ನನ್ನನ್ನು ಬಸ್‌ಸ್ಟಾಪಿನಲ್ಲಿ ತಡೆದು ಸಕ್ಕರೆ ಕಾಯಿಲೆ ನೋಡು ಎಂದು ಕೈ ಚಾಚಿದ್ದರು.

ಲ್ಯಾಬಿನ ಯಜಮಾನರು ಗಲಗಲಿ ಸರ್. ಧಾರವಾಡ ಕಡೆಯವರು, ಐವತ್ತು ದಾಟಿದ್ದರು. ಹಬ್ಬುವಾಡದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದು ಅವಲಕ್ಕಿಯ ಮೇಲೆ ಬದುಕುತ್ತಿದ್ದರು. ಮೀನಿನ ವಾಸನೆ ಆಗದು. ಅಂಥವರು ಬಂದು ಕೂತದ್ದು ಗೋಡೆಗೋಡೆಗೂ ಬಂಗಡೆ ವಾಸನೆ ಹೀರಿಕೊಂಡಿದ್ದ ಐಸ್ ಫ್ಯಾಕ್ಟರಿಯಲ್ಲಿ. ಮೂಗಿಗೆ ಕರ್ಚೀಫು ಕಟ್ಟಿಕೊಂಡೇ ಅವರು ನನಗೆ ಕೆಲಸ ವಿವರಿಸಿದರು. ನೆಲದಡಿಯ ಎಣ್ಣೆ ಎಂದರೆ ಬಾವಿಯಲ್ಲಿ ನೀರಿದ್ದ ಹಾಗೆ ತುಂಬಿಕೊಂಡಿರುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಮರಳುಗಲ್ಲಿನ ಕಣ್ಣಿಗೆ ಕಾಣದ ತೂತುಗಳಲ್ಲಿ, ಸಮುದ್ರಕ್ಕಿಂತ ಉಪ್ಪಾದ ನೀರಿನ ಜೊತೆ ಅದು ಅಡಗಿ ಕೂತಿರುತ್ತದೆ. ಪಂಪು ಹಾಕಿ ಬರುವಷ್ಟು ಬಂದ ಮೇಲೂ ಬಹಳಷ್ಟು ಅಲ್ಲೇ ಅಂಟಿಕೊಂಡು ಉಳಿಯುತ್ತದೆ, ಊಟವಾದ ಮೇಲೆ ಪಾತ್ರೆಗೆ ಜಿಡ್ಡು ಉಳಿದ ಹಾಗೆ.

"ಜಿಡ್ಡು ಬಿಡಸಲಿಕ್ಕೆ ಏನ್ ಹಾಕ್ತೀ ಮನ್ಯಾಗ?" ಎಂದು ಕೇಳಿದರು.

"ಸಾಬೂನು, ಸರ್."

"ಅದನ್ನ ಸಮುದ್ರದ ನೀರಾಗ ಹಾಕಿ ತಿಕ್ಕಿ ನೋಡು. ಮೊಸರು ಒಡದಂಗ ಒಡೀತದ. ಒಡೀಲಾರದಂಥಾ ಸಾಬೂನು ಬೇಕು. ಅದನ್ನ ಹುಡುಕಲಿಕ್ಕೇ ನಾವು ಇಲ್ಲಿ ಕೂತೇವಿ."

ಅದಕ್ಕೆ ಸರ್ಫ್ಯಾಕ್ಟಂಟ್ ಎಂಬ ದೊಡ್ಡ ಹೆಸರಿತ್ತು. ನಾವಿಬ್ಬರೂ ಅದನ್ನು ದ್ರವ ಎನ್ನುತ್ತಿದ್ದೆವು. ಉಪ್ಪು ಹೆಚ್ಚಾದರೆ ದ್ರವ ಒಡೆಯುತ್ತಿತ್ತು, ಕಡಿಮೆಯಾದರೆ ಸುಮ್ಮನೆ ಮಲಗಿಬಿಡುತ್ತಿತ್ತು. ಹದ ಸಿಕ್ಕಿತೆಂದರೆ ಮಾತ್ರ ಗಾಜಿನ ಕೊಳವೆಯಲ್ಲಿ ಎಣ್ಣೆಗೂ ನೀರಿಗೂ ನಡುವೆ ಕೆನೆಯಂಥ ಒಂದು ಪದರ ಕಟ್ಟುತ್ತಿತ್ತು. ಸರ್ ಬೆಳಿಗ್ಗೆ ಛತ್ರಿ ಮಡಚುವ ಮೊದಲೇ ಬಾಗಿಲಿನಿಂದ ಕೂಗುತ್ತಿದ್ದರು, "ಕೆನಿ ಬಂತೇನವಾ?" ಹೆದ್ದಾರಿಯಲ್ಲಿ ಹೋಗುವವರಿಗೆ ಇದು ಹಾಲಿನ ಡೈರಿ ಎಂಬ ಸಂಶಯ ಬರುತ್ತಿತ್ತು. ಉಳಿದವರು ಐಸ್ ಕೇಳಿಕೊಂಡು ಬರುತ್ತಿದ್ದರು.

ದೂರದ ಬಯಲುನಾಡಿನ ಒಂದು ಎಣ್ಣೆ ಕಂಪನಿ ನಮ್ಮ ದ್ರವವನ್ನು ತನ್ನ ಬಾವಿಯಲ್ಲಿ ಪರೀಕ್ಷಿಸಲು ಅರ್ಧ ಮನಸ್ಸು ಮಾಡಿತ್ತು. ಮಳೆಗಾಲ ಮುಗಿಯುವುದರೊಳಗೆ ಅವರ ಅಧಿಕಾರಿ ಬಂದು ಕಣ್ಣಾರೆ ನೋಡುವವರಿದ್ದರು. ಅವರೂ ಒಲ್ಲೆ ಎಂದರೆ ಲ್ಯಾಬು ಮುಚ್ಚುತ್ತದೆ ಎಂದು ಸರ್ ಮೊದಲ ದಿನವೇ ಹೇಳಿದ್ದರು. ಇದಕ್ಕಾಗಿ ಒಳ್ಳೆಯ ನೌಕರಿ ಬಿಟ್ಟು ಬಂದಿದ್ದರಂತೆ. ಧಾರವಾಡದಲ್ಲಿದ್ದ ಹೆಂಡತಿ ಪ್ರತಿ ಭಾನುವಾರ ಫೋನಿನಲ್ಲಿ "ನಿಮ್ಮ ಸಾಬೂನು ಇನ್ನೂ ತೊಳೀಲಿಲ್ಲೇನು?" ಎಂದು ಕೇಳುತ್ತಿದ್ದರು.

ಎಣ್ಣೆ ಹೊರಬರುತ್ತದೋ ಇಲ್ಲವೋ ನೋಡಲು ಪಾರದರ್ಶಕ ಕೊಳವೆಯೊಂದಕ್ಕೆ ಮರಳು ತುಂಬಬೇಕಿತ್ತು. ಒಳಗೆ ಉಪ್ಪುನೀರು, ಆಮೇಲೆ ಆ ಬಾವಿಯಿಂದಲೇ ತರಿಸಿದ ಕಪ್ಪು ಎಣ್ಣೆ, ಕೊನೆಗೆ ನಮ್ಮ ದ್ರವ. ಕೊಳವೆ ಎಂದರೆ ಆಳದ ಬಂಡೆಯ ಬೊಂಬೆ. ಮರಳಿಗೇನು ಬರ? ನಮ್ಮ ಮನೆಯ ಹಿಂದೆಯೇ ಕಡಲು. ಒಂದು ಬೆಳಿಗ್ಗೆ ಮಳೆ ಹೊಳವಾದಾಗ ದಂಡೆಗೆ ಹೋಗಿ ವೈರಿನ ಚೀಲಕ್ಕೆ ಮರಳು ತುಂಬಿಕೊಳ್ಳುತ್ತಿದ್ದೆ.

ದಾಮು ಮಾಮ ಅಲ್ಲೇ ದೋಣಿಯ ನೆರಳಿಗೆ ಕೂತಿದ್ದ. ಆಯಿಯ ತಮ್ಮ, ಪಕ್ಕದ ಮನೆಯವನು. ಮೀನುಗಾರಿಕೆಗೆ ನಿಷೇಧ ಇರುವ ತಿಂಗಳುಗಳು. ದೋಣಿಗಳೆಲ್ಲ ದಂಡೆಯ ಮೇಲೆ ತೆಂಗಿನ ಸೋಗೆ ಹೊದ್ದು ಮಲಗಿದ್ದವು. ಗಂಡಸರಿಗೆ ಬಲೆ ಹೊಲಿಯುವುದು, ಇಸ್ಪೀಟು ಮತ್ತು ಸುದ್ದಿ ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

"ಎಂತಕ್ಕೆ ಸುಜಾ, ಮರಳು?"

"ಎಣ್ಣೆ ತೆಗೂಕೆ ಮಾಮ."

"ಮರಳಿಂದ?"

"ಹೌದು, ಮರಳಿಂದ."

ಬಸ್ಸು ಬಂತು, ಓಡಿದೆ. ನಮ್ಮಲ್ಲಿ ಆಗದ ಕೆಲಸಕ್ಕೆ ಮರಳಿನಿಂದ ಎಣ್ಣೆ ಹಿಂಡಿದ ಹಾಗೆ ಎನ್ನುತ್ತಾರೆ. ಆದ್ದರಿಂದ ಮಾಮ ಅದನ್ನು ತಮಾಷೆ ಎಂದುಕೊಳ್ಳುತ್ತಾನೆ ಎಂದು ನಾನು ಎಣಿಸಿದ್ದೆ. ಆದರೆ ಎಮ್ಮೆಸ್ಸಿ ಓದಿದವಳು ತಮಾಷೆ ಮಾಡುವುದಿಲ್ಲ ಎಂದು ಮಾಮ ಎಣಿಸಿದ.

ಮಧ್ಯಾಹ್ನದ ಹೊತ್ತಿಗೆ ಹಾರವಾಡದ ದಂಡೆಯ ಕೆಳಗೆ ಎಣ್ಣೆ ಸಿಕ್ಕಿತ್ತು. ಸಂಜೆ ಅಂಕೋಲೆ ಪೇಟೆಯಲ್ಲಿ ಆಯಿಗೆ ಈ ಸುದ್ದಿಯನ್ನು ಹೇಳಿದವರು, ಮಗಳು ಇಷ್ಟು ದೊಡ್ಡ ವಿಷಯವನ್ನು ತಾಯಿಗೆ ಹೇಳಲಿಲ್ಲವೇ ಎಂದು ಮರುಗಿದರಂತೆ. ಮರುದಿನ ಚಿತ್ತಾಕುಲದಿಂದ ನಮ್ಮ ದೊಡ್ಡಮ್ಮ ಫೋನ್ ಮಾಡಿದಳು. "ನಿಮ್ಮ ಬಾಂವಿಗೆ ಪೆಟ್ರೋಲ್ ಬಂದದೆ ಅಂಬ್ರಲೆ! ಒಲೆ ಹಚ್ಚಬ್ಯಾಡಿ ಮಾರಾಯ್ತಿ, ಎಲ್ಲಾರೂ ಹಾರಿ ಹೋಗ್ತ್ರಿ!"

ಆಮೇಲೆ ಲ್ಯಾಬಿಗೆ ಬಾಟಲಿಗಳು ಬರತೊಡಗಿದವು. ಅವರ್ಸಾದಿಂದ ಒಬ್ಬರು ಬಾವಿಯ ನೀರು ತಂದರು. ಮೇಲೆ ಬಣ್ಣಬಣ್ಣದ ಪದರ ನಿಜವಾಗಿಯೂ ಇತ್ತು. ಸರ್ ಅದನ್ನು ದಿನವಿಡೀ ಪರೀಕ್ಷಿಸಿ ತೆಂಗಿನೆಣ್ಣೆ ಎಂದು ಕಂಡುಹಿಡಿದರು. ಬಾವಿಕಟ್ಟೆಯಲ್ಲಿ ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡುವ ಮನೆಯದು. ಬಾಟಲಿ ತಂದವರು ಬೇಸರಪಟ್ಟು, "ಸ್ವಲ್ಪವೂ ಪೆಟ್ರೋಲ್ ಇಲ್ವಾ ಸರ್?" ಎಂದು ಬಾಗಿಲಲ್ಲಿ ನಿಂತು ಇನ್ನೊಮ್ಮೆ ಕೇಳಿದರು. ತಲೆಗೆ ಸೀಗೆಕಾಯಿ ಹಾಕ್ರಿ ಎಂದು ಸರ್ ಸಲಹೆ ಕೊಟ್ಟರು.

ಇಲ್ಲಿಯವರೆಗೆ ನಗುವ ಮಾತಾಗಿತ್ತು. ಆಮೇಲೆ ಆಗಲಿಲ್ಲ. ನಮ್ಮ ಕರಾವಳಿಯಲ್ಲಿ ಒಂದಿಲ್ಲೊಂದು ಯೋಜನೆಗೆ ಮನೆ ಬಿಟ್ಟು ಎದ್ದು ಬಂದವರು ಎಲ್ಲ ಊರುಗಳಲ್ಲೂ ಇದ್ದಾರೆ. ಆಯಿಯ ತವರುಮನೆಯೇ ಹಾಗೆ ಒಂದು ಬೇಲಿಯ ಆಚೆಗೆ ಹೋಗಿತ್ತು. ಅವಳು ಮದುವೆಯಾಗಿ ಬಂದ ದಾರಿಯಲ್ಲಿ ಈಗ ಅವಳನ್ನೇ ಬಿಡುವುದಿಲ್ಲ. ಎಣ್ಣೆ ಎಂದ ಕೂಡಲೇ ಕೆಲವರು ಪೆಟ್ರೋಲ್ ಪಂಪಿನ ಕನಸು ಕಂಡರು, ಹೆಚ್ಚಿನವರು ಬೇಲಿಯನ್ನು ಕಂಡರು.

ಒಂದು ದಿನ ಬಸ್ಸಿಳಿದು ನಾಗವೇಣಕ್ಕ ಐಸ್ ಫ್ಯಾಕ್ಟರಿಗೆ ಬಂದಳು. ಹಾರವಾಡದ ಮೀನು ಮಾರುವ ಹೆಂಗಸರಿಗೆಲ್ಲ ಅವಳೇ ಮುಂದಾಳು. ಅವಳು ದರ ಹೇಳಿದ ಮೇಲೆ ಅಂಕೋಲೆಯಲ್ಲಿ ಚೌಕಾಶಿ ಇಲ್ಲ. ಹಿಂದೆ ಅವಳ ಹೆಂಗಸರ ಪಡೆ, ಎಲ್ಲರ ಕೈಯಲ್ಲೂ ಒದ್ದೆ ಛತ್ರಿ. ಸರ್ ಎದ್ದು ನಿಂತರು.

"ಐಸ್ ಇಲ್ರೀ ಅಕ್ಕಾರ," ಎಂದರು, ಅಭ್ಯಾಸಬಲದಿಂದ.

"ಐಸ್ ಬ್ಯಾಡ ನಮ್ಗೆ. ನೀವು ನಮ್ಮ ದಂಡೆ ಅಗಿತ್ರಿ ಅಂಬ್ರು. ನಮ್ಮ ದೋಣಿ ಎಲ್ಲಿಡೂದು, ಮೀನು ಎಲ್ಲಿ ಒಣ್ಸೂದು, ಅದನ್ನ ಹೇಳಿ."

ಸರ್ ಹೇಳಿದರು. ಬಂಡೆಯ ತೂತು, ಉಪ್ಪುನೀರು, ಜಿಡ್ಡು, ದ್ರವ, ಬಯಲುನಾಡಿನ ಬಾವಿ, ಎಲ್ಲ. ನಾಗವೇಣಕ್ಕ ಕೊನೆಯವರೆಗೂ ಕೇಳಿದಳು.

"ಅಂದ್ರೆ ಎಣ್ಣೆ ಬೇರೆ ಕಡಿಯದು. ನೀವೇ ಇಲ್ಲಿ ತಂದು, ನಮ್ಮ ಮರಳಿಗೆ ಹಾಕಿ, ನೀವೇ ತೆಗಿತ್ರಿ."

"ಹಾಂ! ಬರೋಬ್ಬರಿ!"

"ಹಾಕಿದ್ದನ್ನೇ ತೆಗೂಕೆ ಸಂಬಳ ಕೊಡ್ತ್ರಾ?"

ಸರ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ನಾಗವೇಣಕ್ಕ ನಂಬಲಿಲ್ಲ. ನಂಬುವಂಥ ಮಾತೂ ಅದಾಗಿರಲಿಲ್ಲ.

ಆಯಿ ನನ್ನೊಡನೆ ಮಾತು ಬಿಟ್ಟಳು. ಬಾಯಲ್ಲಿ ಏನೂ ಹೇಳಲಿಲ್ಲ, ಹೇಳಬೇಕಾದ್ದನ್ನೆಲ್ಲ ಊಟದ ಡಬ್ಬಿಯಲ್ಲಿ ಹೇಳುತ್ತಿದ್ದಳು. ಮೊದಲು ಒಣ ಸಿಗಡಿಯ ಶೆಟ್ಲಿ ಚಟ್ನಿ ನಿಂತಿತು, ಆಮೇಲೆ ಬಂಗಡೆ ನಿಂತಿತು. ಕೊನೆಗೆ ಡಬ್ಬಿಯಲ್ಲಿ ಅನ್ನ, ಮಜ್ಜಿಗೆ ಮತ್ತು ಒಂದು ಚೂರು ಮಾವಿನಮಿಡಿ ಮಾತ್ರ ಉಳಿಯಿತು. ಇದರಿಂದ ಲಾಭವಾದದ್ದು ಸರ್ ಅವರಿಗೆ. ಮೀನಿಲ್ಲದ ಡಬ್ಬಿ ಕಂಡು ಅವರು ಅವಲಕ್ಕಿ ಬಿಟ್ಟು ನನ್ನ ಎದುರು ಬಂದು ಕೂತರು. "ನಿಮ್ಮ ತಾಯಿಯವರು ಎಷ್ಟು ಸಾತ್ವಿಕ ಅಡಗಿ ಮಾಡ್ತಾರವಾ!" ಎಂದು ಮಿಡಿ ಚೀಪಿದರು. ಅದು ಸಾತ್ವಿಕವಲ್ಲ, ಸಿಟ್ಟು ಎಂದು ನಾನು ಹೇಳಿದಾಗ ಅವರು ಚೀಪುವುದನ್ನು ನಿಲ್ಲಿಸಿದರು.

"ಹಂಗಾರ ತಪ್ಪಾತು. ಮಾತಿನಾಗ ಹೇಳಿದ್ರ ಆಗೂದಿಲ್ಲ. ನಡಿ, ನಿಮ್ಮೂರಿಗೇ ಹೋಗಿ ಎಲ್ಲಾರ ಮುಂದ ಮಾಡಿ ತೋರಸೂಣು."

ನಾನು ಬೇಡವೆಂದೆ. ಅವರು ಆಗಲೇ ಕೊಳವೆಯನ್ನು ಹಳೆಯ ಪಂಚೆಯಲ್ಲಿ ಸುತ್ತುತ್ತಿದ್ದರು.

ಪ್ರದರ್ಶನ ನಡೆದದ್ದು ದಂಡೆಯ ಬಲೆ ಶೆಡ್ಡಿನಲ್ಲಿ. ನಿಷೇಧ ಮುಗಿಯಲು ಕೆಲವೇ ದಿನ ಉಳಿದಿತ್ತು, ಗಂಡಸರೆಲ್ಲ ಅಲ್ಲೇ ಬಲೆ ಸರಿಮಾಡುತ್ತಿದ್ದರು. ಹೆಂಗಸರು ಮೀನಿನ ಬುಟ್ಟಿ ಬೋರಲು ಹಾಕಿ ಕೂತರು. ಸರ್ ಒಂದು ಮರದ ಪೆಟ್ಟಿಗೆಯ ಮೇಲೆ ಕೊಳವೆ, ದೊಡ್ಡ ಸಿರಿಂಜು, ಎಣ್ಣೆಯ ಬಾಟಲಿ, ದ್ರವ ಎಲ್ಲ ಜೋಡಿಸಿದರು. ಮೂಗಿನ ಕರ್ಚೀಫನ್ನು ಅಂದು ತೆಗೆದು ಜೇಬಿಗೆ ಇಟ್ಟುಕೊಂಡದ್ದನ್ನು ನಾನು ನೋಡಿದೆ. ಸುತ್ತಲೂ ಒಣಮೀನು. ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಪಾಪ, ಊರಿನ ಚಿಂತೆಗೆ ಅಳುತ್ತಾರೆ ಎಂದು ಹಿಂದೆ ಯಾರೋ ಪಿಸುಗುಟ್ಟಿದರು.

ಮೊದಲು ಬರಿಯ ಮರಳಿಗೆ ದ್ರವ ಹಾಯಿಸಿದರು. ಏನೂ ಬರಲಿಲ್ಲ. "ನೋಡ್ರಿ, ನಿಮ್ಮ ಮರಳಾಗ ಎಣ್ಣಿ ಇಲ್ಲ."

"ಮೇಲಿನ ಮರಳಗೆ ಎಲ್ಲಿರ್ತದೆ ಸರ್? ಆಳಕ್ಕಿರ್ತದೆ," ಎಂದ ದಾಮು ಮಾಮ. ಎಲ್ಲರೂ ತಲೆಯಾಡಿಸಿದರು.

ಸರಿ, ದ್ರವದ ಕೆಲಸವೇನೆಂದು ಪೂರ್ತಿ ತೋರಿಸಿಬಿಡುತ್ತೇನೆ ಎಂದು ಸರ್ ಕೊಳವೆಗೆ ಹೊಸ ಮರಳು ತುಂಬಿದರು. ಉಪ್ಪುನೀರಿನ ಕ್ಯಾನಿಗೆ ಕೈ ಹಾಕಿದಾಗ ನಾಗವೇಣಕ್ಕ ತಡೆದಳು.

"ನಿಮ್ಮ ಕ್ಯಾನಿನ ನೀರು ಬ್ಯಾಡ. ಅದ್ರಾಗೆ ಎಂತ ಅದೆ ಅಂತ ಯಾರಿಗೆ ಗೊತ್ತು? ನಮ್ಮ ಸಮುದ್ರದ್ದೇ ಹಾಕಿ."

ನ್ಯಾಯವಾದ ಮಾತು. ಸರ್ ಒಪ್ಪಿದರು. ದಾಮು ಮಾಮ ಕೊಡ ಹಿಡಿದು ಹೋಗಿ ನೀರು ತಂದ. ಆ ನೀರಿನಿಂದ ಮರಳು ತೋಯಿಸಿ, ಬಾಟಲಿಯ ಎಣ್ಣೆಯನ್ನೆಲ್ಲ ನಿಧಾನವಾಗಿ ಒಳಗೆ ತಳ್ಳಿದರು. ಬಿಳಿ ಮರಳು ಕಪ್ಪಾಯಿತು. ಮತ್ತೆ ನೀರು ಹಾಯಿಸಿದರು. ಸ್ವಲ್ಪ ಎಣ್ಣೆ ತಾನಾಗಿ ಬಂತು, ಆಮೇಲೆ ಬರಿಯ ನೀರು. ಉಳಿದದ್ದು ಮರಳಿಗೆ ಕಂದಾಗಿ ಅಂಟಿಕೊಂಡಿತು.

"ಇದು ನೋಡ್ರಿ, ಇದೇ ಸಮಸ್ಯಾ. ಈಗ ನಮ್ಮ ದ್ರವ ಬರ್ತದ!" ಎಂದು ಸರ್ ದನಿ ಏರಿಸಿದರು. ಮದುಮಗ ಬರುತ್ತಾನೆ ಎಂದ ಹಾಗಿತ್ತು. ದ್ರವವನ್ನು ಕೊಡದ ನೀರಿಗೆ ಕಲಸಿ ಸಿರಿಂಜು ಒತ್ತಿದರು.

ಏನೂ ಬರಲಿಲ್ಲ. ನೀರು ಹೋಯಿತು, ನೀರು ಬಂತು. ಸರ್ ಇನ್ನಷ್ಟು ಒತ್ತಿದರು. ಇನ್ನಷ್ಟು ನೀರು ಬಂತು. ಎಣ್ಣೆ ಕದಲಲಿಲ್ಲ. ಕಚ್ಚಿ ಹಿಡಿದ ಮಸಿಯ ಹಾಗೆ ಅಲ್ಲೇ ಕೂತಿತ್ತು.

ಮೊದಲು ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಇಡೀ ಶೆಡ್ಡು ತಟ್ಟಿತು. "ಮದ್ದು ಹತ್ತಲಿಲ್ಲ! ಮದ್ದು ಹತ್ತಲಿಲ್ಲ!" ಎಂದು ಹೆಂಗಸರು ಒಬ್ಬರ ಬೆನ್ನು ಒಬ್ಬರು ಬಡಿದರು. ಎಣ್ಣೆ ತೆಗೆಯಲು ಬಂದವನಿಗೆ ಎಣ್ಣೆ ತೆಗೆಯಲು ಬರುವುದಿಲ್ಲ ಎಂದ ಮೇಲೆ ಬೇಲಿ ಯಾವುದಕ್ಕೆ? ಯಾರೋ ಚಹಾ ತರಲು ಹೇಳಿದರು. ಅಷ್ಟು ಸಂತೋಷದ ಸೋಲನ್ನು ನಾನು ಬೇರೆಲ್ಲೂ ಕಂಡಿಲ್ಲ. ದಾಮು ಮಾಮ ಸರ್ ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟು, "ಬಿಡಿ ಸರ್, ಚಲೋ ಆಯ್ತು. ಎಲ್ಲಾರಿಗೂ ಸಮಾಧಾನ ಆಯ್ತು. ಚಾ ಕುಡಿದು ಹೋಗಿ," ಎಂದ.

ಅಲ್ಲಿಗೇ ನಿಲ್ಲಿಸಿದ್ದರೆ ಎಲ್ಲ ಮುಗಿದಿತ್ತು. ಜನ ಖುಷಿಯಾಗಿದ್ದರು, ಚಹಾ ಬರುತ್ತಿತ್ತು, ಆಯಿಯ ಮುಖವೂ ಸ್ವಲ್ಪ ಸಡಿಲಾಗಿತ್ತು. ಆದರೆ ಸರ್ ಕೊಡದೊಳಗೆ ಬೆರಳು ಅದ್ದಿ ನಾಲಗೆಗೆ ಇಟ್ಟುಕೊಂಡರು. ಅವರ ಹುಬ್ಬು ಮೇಲೇರಿತು.

"ಇದು ಸಮುದ್ರೇನ್ರೀ? ಇದು ಸಪ್ಪಗದ!"

ಹಾರವಾಡದ ಜನರ ಎದುರು, ಅವರದೇ ಶೆಡ್ಡಿನಲ್ಲಿ ನಿಂತು, ಘಟ್ಟದ ಮೇಲಿನ ಒಬ್ಬ ಮನುಷ್ಯ ಅವರ ಸಮುದ್ರಕ್ಕೆ ಸಪ್ಪೆ ಎಂದಿದ್ದ.

"ಯಾರ ಸಮುದ್ರ ಸಪ್ಪೆ?" ನಾಗವೇಣಕ್ಕ ಎದ್ದಳು. ನೇರ ಬಂದು ಅದೇ ಕೊಡಕ್ಕೆ ಬೆರಳು ಅದ್ದಿ ಚಪ್ಪರಿಸಿದಳು. ಇನ್ನೊಮ್ಮೆ ಚಪ್ಪರಿಸಿದಳು. ಆಮೇಲೆ ಸರ್ ಕಡೆಗಲ್ಲ, ದಾಮು ಮಾಮನ ಕಡೆಗೆ ತಿರುಗಿದಳು. "ದಾಮೂ, ಎಲ್ಲಿಂದ ತಂದ್ಯ ಇದು?"

"ಅಲ್ಲೇ... ಹಳ್ಳದ ಬಾಯಿಂದ," ಎಂದ ಮಾಮ. "ದಂಡಿಗೆ ತೆರೆ ಜೋರಿತ್ತು. ಲುಂಗಿ ನೆನಿತದೆ ಹೇಳಿ..."

ಮಳೆಗಾಲದಲ್ಲಿ ಗುಡ್ಡದ ನೀರೆಲ್ಲ ಆ ಹಳ್ಳದಿಂದ ಕಡಲಿಗೆ ಇಳಿಯುತ್ತಿತ್ತು. ಅಲ್ಲಿಯ ನೀರಿನಲ್ಲಿ ಸಾರು ಮಾಡಿದರೆ ಮೇಲೆ ಉಪ್ಪು ಹಾಕಬೇಕು. ನಮ್ಮ ದ್ರವವೋ ಉಪ್ಪಿಗಾಗಿಯೇ ಹುಟ್ಟಿದ್ದು.

"ನಮಗ ಉಪ್ಪು ಬೇಕ್ರೀ," ಎಂದರು ಸರ್.

"ಸರ್, ಬಿಡಿ ಸರ್," ಎಂದ ದಾಮು ಮಾಮ, ಈ ಸಲ ಬೇಡಿಕೊಳ್ಳುವ ದನಿಯಲ್ಲಿ. "ಜನ ಒಪ್ಕಂಡ್ರು. ಮತ್ತೆ ಎಂತಕ್ಕೆ?"

"ಸುಳ್ಳಿಗೆ ಒಪ್ಪಿದ್ರ ನಾಳೆ ಮತ್ತ ಅಂಜತಾರ. ಖರೇ ನೋಡಿ ಒಪ್ಪಲಿ." ಸರ್ ಬೆವರುತ್ತಿದ್ದರು. ಎದುರಿಗೆ ನೂರಾರು ಕಣ್ಣು, ಕೈಯಲ್ಲಿ ಒಂದು ಸಿರಿಂಜು. ಅವರಿಗೆ ಭಯವಿರಲಿಲ್ಲ ಎಂದು ಹೇಳಲಾರೆ. ಆದರೆ ಸಿರಿಂಜು ಕೆಳಗಿಡಲಿಲ್ಲ.

ನಾಗವೇಣಕ್ಕ ಅವರನ್ನು ಒಂದು ಕ್ಷಣ ನೋಡಿದಳು. ಆಮೇಲೆ ತಾನೇ ಹೋಗಿ, ಮೀನು ಒಣಗಿಸಲು ತಂದಿಟ್ಟಿದ್ದ ಚೀಲದಿಂದ ಕಲ್ಲುಪ್ಪು ಮೊಗೆದು ತಂದು ಕೊಡಕ್ಕೆ ಸುರಿದಳು. ಸರ್ ಕಲಸಿ ರುಚಿ ನೋಡಿ "ಇನ್ನೊಂದಿಷ್ಟು" ಎಂದರು. ಅವಳೂ ರುಚಿ ನೋಡಿ ಇನ್ನೊಂದಿಷ್ಟು ಹಾಕಿದಳು. ಮದುವೆ ಮನೆಯ ಅಡುಗೆಯವರ ಹಾಗೆ ಇಬ್ಬರೂ ಕೊಡದ ಮೇಲೆ ಬಗ್ಗಿ, ಚಪ್ಪರಿಸಿ, ಒಬ್ಬರ ಮುಖ ಒಬ್ಬರು ನೋಡಿ, ಕೊನೆಗೆ ಸಾಕು ಎಂದರು.

ಹೊಸ ನೀರಿಗೆ ದ್ರವ ಕಲಸಿ ಸರ್ ಮತ್ತೆ ಒತ್ತಿದರು. ಮೊದಲು ನೀರು. ಆಮೇಲೆ ಕಂದು ಬಣ್ಣದ ಎಳೆಯೊಂದು ಮರಳಿನಿಂದ ಬಿಡಿಸಿಕೊಂಡು ಮುಂದೆ ಸರಿಯಿತು. ಅದರ ಹಿಂದೆ ಇನ್ನೊಂದು. ಕೊಳವೆಯ ಬಾಯಲ್ಲಿ ಕಪ್ಪು ಹನಿ ತೂಗಾಡಿ ಲೋಟಕ್ಕೆ ಬಿತ್ತು. ಆಮೇಲೆ ಹನಿಗಳು ಒಂದರ ಹಿಂದೊಂದು ಬಿದ್ದವು. ಮರಳು ಕೆಳಗಿನಿಂದ ಮೇಲಕ್ಕೆ ಬೆಳ್ಳಗಾಗುತ್ತ ಬಂತು. ವಾರಗಟ್ಟಲೆ ನಾನು ದಿನವೂ ನೋಡಿದ್ದ ಕೊಳವೆ ಅದು, ಅಷ್ಟು ಚೆನ್ನಾಗಿ ಒಮ್ಮೆಯೂ ತೊಳೆದಿರಲಿಲ್ಲ. "ಕೆನಿ! ಕೆನಿ ನೋಡವಾ!" ಎಂದು ಸರ್ ಕೂಗಿದರು. ನಾನೂ ಕೂಗಿದೆ.

ಕೂಗಿದ್ದು ನಾವಿಬ್ಬರೇ. ಚಹಾದ ಕಿಟ್ಲಿ ಹಿಡಿದು ಬಂದವನು ಬಾಗಿಲಲ್ಲೇ ನಿಂತ. ಎಣ್ಣೆ ಬಂದಿತ್ತು.

ನಾಗವೇಣಕ್ಕ ಬಂದು ಲೋಟ ಎತ್ತಿದಳು. ಮೊದಲು ತಾನಾಗಿ ಬಂದದ್ದನ್ನೂ ಆಮೇಲೆ ಬಂದದ್ದನ್ನೂ ಒಟ್ಟು ಮಾಡಿಸಿದಳು. ನೀರು ಕೆಳಗೆ, ಎಣ್ಣೆ ಮೇಲೆ ನಿಂತ ಮೇಲೆ ಎಣ್ಣೆಯನ್ನು ಮಾತ್ರ ಅದೇ ಬಾಟಲಿಗೆ ಬಗ್ಗಿಸಿ ಎಂದಳು. ಸರ್ ಹುರುಪಿನಿಂದ ಬಗ್ಗಿಸಿದರು. ಎಣ್ಣೆ ಬಾಟಲಿಯ ಕುತ್ತಿಗೆಯ ಕೆಳಗೇ ನಿಂತಿತು.

"ಹಾಕೂವಾಗ ತುಂಬ ಇತ್ತಲ?"

"ಇತ್ತು."

"ಈಗ ಕಡಿಮೆ ಅದೆ."

"ಅದು ಭಾಳ ಚಲೋ ರಿಸಲ್ಟ್ ಅಕ್ಕಾರ! ಇಷ್ಟು ವಾಪಸ್ ಬರೂದು ಅಂದ್ರ..."

"ಅದಲ್ಲ," ಎಂದು ನಾಗವೇಣಕ್ಕ ಕೈಯೆತ್ತಿ ಅವರನ್ನು ಸುಮ್ಮನಿರಿಸಿದಳು. ಬಾಟಲಿಯನ್ನು ಜನರ ಕಡೆ ಹಿಡಿದಳು. "ಕಂಡ್ರಿ ಎಲ್ಲಾ? ಇವ್ರು ಹಾಕಿದ್ದು ಬಾಟ್ಲಿ ತುಂಬ. ತೆಗ್ದದ್ದು ಅದ್ಕಿಂತ ಕಮ್ಮಿ. ಇಷ್ಟು ಹೊತ್ತು ಒದ್ದಾಡಿ ಇವ್ರು ನಮ್ಮೂರಿಂದ ಎಣ್ಣೆ ತಕಂಡ್ರಾ? ನಮ್ಮೂರಿಗೇ ಎಣ್ಣೆ ಬಿಟ್ಟು ಹ್ವಾಗ್ತಾ ಅವ್ರೆ!"

ಮೊದಲು ನಕ್ಕವಳು ಆಯಿ. ಅವಳ ನಗು ಯಾವತ್ತೂ ತಡವಾಗಿ ಹೊರಡುತ್ತದೆ, ಹೊರಟ ಮೇಲೆ ನಿಲ್ಲುವುದಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಬುಟ್ಟಿಯ ಮೇಲಿಂದ ಜಾರಿದಳು. ಆಮೇಲೆ ಶೆಡ್ಡಿನ ತಗಡೇ ಹಾರಿಹೋಗುವಷ್ಟು ನಗು. ಸರ್ ಕೂಡ ನಕ್ಕರು, ಆದರೆ ನಡುನಡುವೆ, "ಇಲ್ರೀ, ಖರೇನ ಭಾಳ ಚಲೋ ರಿಸಲ್ಟ್," ಎಂದು ಒಬ್ಬೊಬ್ಬರಿಗೂ ತಿಳಿಸಿ ಹೇಳುತ್ತಿದ್ದರು. ಕಿಟ್ಲಿ ಮುಂದೆ ಬಂತು. ಆ ಸಂಜೆ ಮನೆಗೆ ಹೋದ ಮೇಲೆ ಆಯಿ ಒಂದೇ ಮಾತು ಹೇಳಿದಳು. "ನಾಳಿಗೆ ಡಬ್ಬಿಗೆ ಶೆಟ್ಲಿ ಹಾಕ್ತೆ. ನಿನ್ನ ಸರ್‌ಗೆ ಬೇರೆ ಡಬ್ಬಿ ಕೊಡ್ತೆ."

ನಿಷೇಧ ಮುಗಿಯಿತು, ನೂಲಹುಣ್ಣಿಮೆಯೂ ಆಯಿತು. ಕಡಲು ಮಾತ್ರ ಇನ್ನೂ ಒರಟಾಗಿತ್ತು. ದೋಣಿ ಇಳಿಸಲಾಗದೆ ದಾಮು ಮಾಮ ಆಗಾಗ ಲ್ಯಾಬಿಗೆ ಬಂದು ಕೂರತೊಡಗಿದ. ಸುದ್ದಿ ಹುಟ್ಟಿಸಿದವನೆಂಬ ನಾಚಿಕೆಯೋ, ಲುಂಗಿಯ ವಿಷಯ ಊರೆಲ್ಲ ಆಡಿಕೊಂಡ ಬೇಸರವೋ, ಕೇಳಿದ ಕೆಲಸಕ್ಕೆಲ್ಲ ಹೂಂ ಎನ್ನುತ್ತಿದ್ದ.

ಎಣ್ಣೆ ಕಂಪನಿಯ ಅಧಿಕಾರಿ ಬಂದ ದಿನವೂ ಅವನು ಅಲ್ಲೇ ಇದ್ದ. ಅಧಿಕಾರಿ ತೆಳ್ಳಗಿನ, ಮಾತಿಲ್ಲದ ಮನುಷ್ಯ. ಹಿಂದಿ ಮಾತ್ರ ಬರುತ್ತಿತ್ತು. ಪಂಪು ಚಾಲೂ ಮಾಡಿ, ಕೊಳವೆಗೆ ದ್ರವ ಹರಿಯತೊಡಗಿತೋ ಇಲ್ಲವೋ, ಕರೆಂಟು ಹೋಯಿತು. ಬಿಣಗಾದಲ್ಲಿ ಮಳೆಗಾಲಕ್ಕೆ ಕರೆಂಟು ಹೋದರೆ ಅದು ಯಾವಾಗ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಪಂಪು ನಿಂತರೆ ಹರಿವು ನಿಲ್ಲುತ್ತದೆ, ಹರಿವು ನಿಂತರೆ ಪರೀಕ್ಷೆ ಹಾಳು. ಅಧಿಕಾರಿಗೆ ಸಂಜೆಯ ರೈಲು. ಸರ್ ಮುಖ ಬಿಳುಚಿತು.

"ಎತ್ತರದಿಂದ ಬಿಟ್ರೆ ಹರೀತದಲ್ಲ ಸರ್?" ಎಂದೆ. ಐಸ್ ಗಡ್ಡೆ ಎತ್ತಲು ಇಟ್ಟಿದ್ದ ಹಳೆಯ ಏಣಿಯೊಂದು ಗೋಡೆಗಿತ್ತು. ಸರ್ ಕ್ಯಾನಿಗೆ ರಬ್ಬರ್ ನಳಿಗೆ ಜೋಡಿಸಿದರು. ಮಾಮ ಕ್ಯಾನನ್ನು ಹೆಗಲ ಮೇಲಿಟ್ಟುಕೊಂಡು ಏಣಿ ಏರಿ ನಿಂತ. ಸರ್ ಕೆಳಗಿನಿಂದ ಹರಿವು ನೋಡಿ "ಸ್ವಲ್ಪ ಮ್ಯಾಲೆ" ಎಂದರೆ ಒಂದು ಮೆಟ್ಟಿಲು ಏರುತ್ತಿದ್ದ, "ಸ್ವಲ್ಪ ಕೆಳಗ" ಎಂದರೆ ಇಳಿಯುತ್ತಿದ್ದ. ತೂಗುವ ದೋಣಿಯಲ್ಲಿ ನಿಂತು ಬಲೆ ಎಳೆದ ಕಾಲು, ಅಲ್ಲಾಡಲಿಲ್ಲ. ನಡುವೆ ಟ್ರಕ್ಕಿನವನೊಬ್ಬ ಬಾಗಿಲಿಗೆ ಬಂದು ಐಸ್ ಕೇಳಿದ. ಏಣಿಯ ಮೇಲಿಂದಲೇ ಮಾಮ ಅವನಿಗೆ ಕೊಂಕಣಿಯಲ್ಲಿ ಏನೋ ಹೇಳಿದ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಬಹಳ ಹೊತ್ತಿನ ಮೇಲೆ ಅಧಿಕಾರಿ ತಲೆಯೆತ್ತಿ, ನೀವು ಇಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ಮಾಮನನ್ನು ಹಿಂದಿಯಲ್ಲಿ ವಿಚಾರಿಸಿದರು. ಮಾಮ ಎದೆಯುಬ್ಬಿಸಿದ.

"ಹಮ್ ಪಂಪ್ ಹೈ, ಸಾಬ್."

ಅಧಿಕಾರಿ ಅಂದು ನಕ್ಕದ್ದು ಅದೊಂದೇ ಸಲ. ಎಣ್ಣೆ ಬಂತು. ಅವರು ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಸರ್ ಕೈ ಕುಲುಕಿ, ಏಣಿಯ ಹತ್ತಿರ ಹೋಗಿ ಮಾಮನ ಕೈಯನ್ನೂ ಕುಲುಕಿದರು. ದೀಪಾವಳಿಯ ಹೊತ್ತಿಗೆ ದ್ರವದ ಬ್ಯಾರೆಲ್ಲುಗಳು ಬಯಲುನಾಡಿಗೆ ಹೊರಟವು, ಹಿಂದೆ ಸರ್ ಕೂಡ ಹೊರಟರು. ಕೆಲಸವೆಲ್ಲ ಬಾವಿಯ ಹತ್ತಿರವೇ ಆಗಬೇಕಾದ್ದರಿಂದ ಲ್ಯಾಬು ಅತ್ತ ಹೋಯಿತು. ನನ್ನನ್ನೂ ಕರೆದಿದ್ದರು. ಕಾರವಾರದ ಕಾಲೇಜಿನಲ್ಲಿ ನನಗೆ ಪಾಠ ಹೇಳುವ ಕೆಲಸ ಸಿಕ್ಕಿತ್ತು, ಇಲ್ಲೇ ಉಳಿದೆ.

ಸರ್ ಫೋನ್ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಗಾಳಿಯ ಸದ್ದಿನ ಮೇಲೆ ದನಿಯೇರಿಸಿ ಮಾತಾಡುತ್ತಿದ್ದರು. ಸತ್ತುಹೋಯಿತು ಎಂದು ಬಿಟ್ಟಿದ್ದ ಬಾವಿಯಲ್ಲಿ ಮತ್ತೆ ಎಣ್ಣೆ ಬರುತ್ತಿದೆ ಎಂದರು. ಹೆಂಡತಿಗೆ ಹೇಳಿದಿರಾ ಎಂದು ಕೇಳಿದೆ. "ಹೇಳಿದೆ. ಅಂತೂ ತೊಳೀತಲ್ಲ ಅಂದ್ಲು," ಎಂದು ಮೂಗು ಒರೆಸಿಕೊಂಡರು.

ಆಯಿ ಅಂಗಳದಲ್ಲಿ ತಾರ್ಲೆ ಮೀನು ಕೊಯ್ಯುತ್ತಿದ್ದಳು. ಓಡಿ ಹೋಗಿ ಸುದ್ದಿ ಹೇಳಿದೆ. ಅವಳು ಕತ್ತಿಯಿಂದ ಕಣ್ಣೆತ್ತಲಿಲ್ಲ.

"ಅದು ಯಾರ ಜಾಗ?"

"ಅಲ್ಲಿ ಯಾರೂ ಇಲ್ಲ ಆಯಿ, ಬರೀ ಬಯಲು."

"ಬಯಲು ಅಂದ್ರೆ ಯಾರದ್ದೂ ಅಲ್ವಾ? ನಮ್ಮ ತವರಿಗೂ ಅವ್ರು ಹಾಂಗೇ ಹೇಳಿರು. ನಿನ್ನ ಸರ್‌ಗೆ ಕೇಳು."

ಕೇಳಲು ನನಗೆ ಸಂಕೋಚ. ಅಷ್ಟು ಸಂತೋಷದಲ್ಲಿದ್ದ ಮನುಷ್ಯ. ಆದರೂ ಆಯಿ ಎದುರಿಗೇ ಕೂತಿದ್ದಳು, ಫೋನ್ ಮಾಡಿದೆ. ಸರ್ "ನನಗ ಗೊತ್ತಿಲ್ಲವಾ. ವಿಚಾರಸ್ತೀನಿ," ಎಂದು ಇಟ್ಟುಬಿಟ್ಟರು. ಬೇಸರವಾಯಿತೇನೋ ಎಂದು ನಾನು ಒಳಗೊಳಗೇ ನೊಂದುಕೊಂಡೆ.

ಅವರ ಫೋನ್ ಮತ್ತೆ ಬರಲು ಕೆಲವು ವಾರ ಹಿಡಿಯಿತು. ಅದು ಕುರಿ ಕಾಯುವವರು ತಲೆಮಾರುಗಳಿಂದ ಹಾದುಹೋಗುವ ಜಾಗವಂತೆ. ಬಾವಿಯ ಸುತ್ತ ಬೇಲಿ ಬಂದ ಮೇಲೆ ಅವರು ಕುರಿ ಹೊಡೆದುಕೊಂಡು ಗುಡ್ಡ ಸುತ್ತಿ ಹೋಗಬೇಕಾಗಿತ್ತು. ಸರ್ ಕಚೇರಿಯಿಂದ ಕಚೇರಿಗೆ ಅಲೆದು, ಮೇಲಿನವರ ಹತ್ತಿರ ಬೈಸಿಕೊಂಡು, ಬೇಲಿಗೆ ಎರಡು ಕಡೆ ಗೇಟು ಇಡಿಸಿದ್ದರು. "ಈಗ ಇಲ್ಲೆ ನನ್ನ ಕೂಡ ಯಾರೂ ಸರೀ ಮಾತಾಡವಲ್ರು," ಎಂದರು. "ಕುರಿ ಮಾತ್ರ ದಿನಾ ಹೋಗ್ತಾವ, ಬರ್ತಾವ. ನಿಮ್ಮ ತಾಯಿಯವರಿಗೆ ಹೇಳವಾ."

ಹೇಳಿದೆ. ಆಯಿ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಸ್ವಲ್ಪ ಯೋಚಿಸಿದಳು.

"ಹಾಂಗಾರೆ ಬರ್ಲಿ ಎಣ್ಣೆ," ಎಂದು ಅಪ್ಪಣೆ ಕೊಟ್ಟಳು.